ಆನೆಗೊಂದು ಸಲ

ಇಪ್ಪತ್ತೆರಡು ವರ್ಷದಿಂದ ಬೀಟೆಯ ಮೇಲೆ ಬಗ್ಗಿದ್ದೇನೆ.
ಮಂಡಿ ಮೊಹಲ್ಲಾದ ಓಣಿಯಲ್ಲಿ, ಗಫಾರ್ ಸಾಬರ ಕಾರ್ಖಾನೆಯಲ್ಲಿ
ಕಿಟಕಿ ಪಕ್ಕದ ಚಾಪೆ ನನ್ನದು.
ಹಲಸು, ಮಾವು, ಹೊನ್ನೆ, ಒಂದೊಂದಕ್ಕೂ ಒಂದೊಂದು ಬಣ್ಣ.
ಬರೆದು, ಕೊರೆದು, ಅಂಟು ಹಚ್ಚಿ ಕೂರಿಸಿದರೆ
ಕೂದಲು ತೂರಬಾರದು ನಡುವೆ.
ಹಲಗೆಯ ಮೇಲೆ ಜಂಬೂ ಸವಾರಿ ಹೊರಡುತ್ತಿತ್ತು ದಿನವೂ,
ನಾನು ಕೂತಲ್ಲೇ.

ಆರು ವರ್ಷದ ಹಿಂದೆ ಸೊಂಟ ಚಳುಕ್ ಎಂದಿತು.
ಎಣ್ಣೆ ಕಂಡೆ, ಕಪ್ಪು ಬೆಲ್ಟು ಕಂಡೆ,
ಬೆನ್ನ ಮೇಲೆ ಹತ್ತಿ ತುಳಿಯುವ ಒಬ್ಬರನ್ನೂ ಕಂಡೆ ಬನ್ನಿಮಂಟಪದಲ್ಲಿ.
ಸ್ಕ್ಯಾನಿನ ಫಿಲಮನ್ನು ಟ್ಯೂಬ್‌ಲೈಟಿಗೆ ಹಿಡಿದು
ಮಗಳು ಅಂದಳು: "ಅಪ್ಪಾ, ನಿನ್ನೊಳಗೊಂದು ಏಣಿ!"
ಕೆಳಗಿನ ಎರಡು ಮೆಟ್ಟಿಲು ಸವೆದಿವೆಯಂತೆ.

ಸವೆದಿವೆ.
ಆ ಮಾತು ನೋವಿಗಿಂತ ಬಿಗಿಯಾಗಿ ಕೂತುಬಿಟ್ಟಿತು.
ಮೈಯನ್ನು ಗಾಜಿನ ಸಾಮಾನಿನ ಹಾಗೆ ಹೊತ್ತು ತಿರುಗಿದೆ.
ಕೊಡ ಎತ್ತಲಿಲ್ಲ, ಅಕ್ಕಿ ಮೂಟೆಯ ಹತ್ತಿರ ಸುಳಿಯಲಿಲ್ಲ,
ಸೀನು ಬಂದರೆ ಗೋಡೆ ಹಿಡಿದೆ.
ನೆಲಕ್ಕೆ ಬಿದ್ದದ್ದನ್ನೆಲ್ಲ ನಿಂಗಾಜಮ್ಮ
ಕೇಳುವ ಮೊದಲೇ ಎತ್ತಿಕೊಡುತ್ತಿದ್ದಳು.
ಅದು ಬೇರೆ ಥರ ನೋಯುತ್ತಿತ್ತು.

ಕೆ.ಆರ್. ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ
ತೇಜಾವತಿ ಅಂತ ಒಬ್ಬಳು ಹುಡುಗಿ
ಬೆಲ್ಟು ಬಿಚ್ಚಿಸಿ ಮೇಜಿನ ಮೇಲೆ ಸುತ್ತಿಟ್ಟಳು.
"ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಬಗ್ಗಿ, ಪರವಾಗಿಲ್ಲ.
ನೀವು ಮುರಿಯೋದಿಲ್ಲ."
"ಅಷ್ಟೇನಾ ತಾಯಿ?"
"ಅಷ್ಟು ಮಾಡಿ ತೋರ್ಸಿ ಮೊದ್ಲು."
ಎರಡು ದಿನದ ಕೂಲಿ ಬಿಟ್ಟು ಹೋದವನು
ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ.

ಕಾರ್ಖಾನೆಯಲ್ಲಿ ಗಡಿಯಾರವಿಲ್ಲ.
ಇದ್ದರೂ ಕೈಯಲ್ಲಿ ಉಳಿ ಇರುವಾಗ ಯಾರು ನೋಡುತ್ತಾರೆ?
ಲೆಕ್ಕ ಹಾಕಿದೆ: ಸೊಂಡಿಲು, ದಂತ, ಗಂಟೆ, ಜೂಲು ಎಲ್ಲ ಸೇರಿ
ಒಂದು ಆನೆಗೆ ಹೆಚ್ಚುಕಮ್ಮಿ ಅರ್ಧ ಗಂಟೆ.
ಸರಿ ಹಾಗಾದರೆ, ಆನೆಗೊಂದು ಸಲ.
ಪಕ್ಕದಲ್ಲಿರುತ್ತಿದ್ದ ನೀರಿನ ಚೊಂಬನ್ನು
ಹಿತ್ತಲ ನಲ್ಲಿಯ ಹತ್ತಿರ ಇಟ್ಟುಬಂದೆ.

ಮೊದಲ ವಾರ ನೋವು ಹೆಚ್ಚೇ ಆಯಿತು.
ಏಳುವಾಗ "ಅಮ್ಮಾ" ಅನ್ನುವುದು ಬಿಡಲಿಲ್ಲ.
ಗಫಾರ್ ಸಾಬರು ಕನ್ನಡಕದ ಮೇಲಿಂದ ನೋಡಿ
"ಏನಪ್ಪಾ, ಶುಗರ್ ಬಂತಾ? ಪದೇ ಪದೇ ಏಳ್ತೀಯ" ಎಂದರು.
"ಇಲ್ಲ ಸಾಬ್, ಆನೆ ಮುಗೀತು."

ಸಂಜೆ ಬಸ್ಸು ಬಿಟ್ಟೆ. ಮೊದಲು ಫೈವ್ ಲೈಟ್ ಸರ್ಕಲ್‌ವರೆಗೆ,
ಆಮೇಲೆ ಅದರಾಚೆಗೆ, ಆಷಾಢ ಕಳೆಯುವಷ್ಟರಲ್ಲಿ
ಕ್ಯಾತಮಾರನಹಳ್ಳಿಯ ಮನೆ ಬಾಗಿಲವರೆಗೆ.
ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೆ ಅಂದರೆ ಸುಳ್ಳು.
ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು
ಮಾಳಿಗೆಯ ಹದಿನಾಲ್ಕು ಹತ್ತಿದೆ, ಅದು ನಿಜ.
ನಿಂಗಾಜಮ್ಮ ಕೆಳಗೆ ನಿಂತು ಉಸಿರು ಬಿಗಿಹಿಡಿದಿದ್ದಳು,
ಬಕೆಟ್ಟು ತಾನೇ ಹೊತ್ತ ಹಾಗೆ.

ಕಾರ್ತಿಕದ ಒಂದು ಬೆಳಿಗ್ಗೆ
ಹಲಸಿನ ಚೂರೊಂದು ಬೆರಳಿನಿಂದ ಜಾರಿ
ಮೇಜಿನ ಕಾಲಿನ ಸಂದಿಗೆ ಬಿತ್ತು.
ಬಗ್ಗಿದೆ, ಹುಡುಕಿದೆ, ಎತ್ತಿ ಧೂಳು ಊದಿದೆ, ಕೂರಿಸಿದೆ.
ಜಿಂಕೆಗೆ ಕಿವಿ ಬಂತು.
ಎಷ್ಟೋ ಹೊತ್ತಾದ ಮೇಲೆ, ಚೊಂಬು ಬಾಯಿಗೆತ್ತುವಾಗ ಹೊಳೆಯಿತು:
ಬಗ್ಗುವ ಮುಂಚೆ
ನಾನು ಹೆದರಿರಲಿಲ್ಲ.

ನೋವು ಪೂರ್ತಿ ಹೋಗಿದೆ ಅಂತಲ್ಲ.
ಚಳಿಯ ಬೆಳಗಿನಲ್ಲಿ ಹಳೇ ಸಾಲಗಾರನಂತೆ ಬಂದು
ಜಗಲಿಯ ಮೇಲೆ ಕೂರುತ್ತದೆ. ಕೂರಲಿ.
ನಾನು ಎದ್ದು ಹೊರಡುತ್ತೇನೆ.

ಮೊನ್ನೆ ಹೊಸ ಆರ್ಡರ್ ಬಂತು, ಯಾವುದೋ ಹೋಟೆಲಿನ ಗೋಡೆಗೆ:
ಗುಡಿಸಲು, ಬಾವಿ, ಎತ್ತಿನ ಗಾಡಿಗಳ ಸಾಲು.
ಆರು ಅಡಿ ಹಲಗೆಯಲ್ಲಿ ಹುಡುಕಿದರೂ ಆನೆಯಿಲ್ಲ.
ಪೆನ್ಸಿಲು ಕಿವಿಗೆ ಸಿಕ್ಕಿಸಿ ಯೋಚಿಸುತ್ತ ಕೂತಿದ್ದೆ.
ಸಾಬರು ಬಂದು ನೋಡಿದರು,
"ಜೋಡೆತ್ತು ಸೇರಿದ್ರೆ ಒಂದಾನೆ, ಬರ್ಕೋ" ಎಂದು
ಮೊಣಕಾಲು ಹಿಡಿದು ತಾವೇ ಮೊದಲು ಹೊರಟರು
ನಲ್ಲಿಯ ಕಡೆಗೆ.